ಸಸ್ಯಕುಲ ಪರಿಚಯ: ಲಾಲ್‌ಬಾಗಿನಿಂದ ಹೆಬ್ಬಾಳದವರೆಗೆ

ಊರಿಗೆ ಹೊಸಬನೊಬ್ಬನು ಬಂದರೆ ಹಿರಿಯರು ಮೊದಲು ಅವನ ಹೆಸರನ್ನು ಕೇಳುವರು. ಆಮೇಲೆ, ಯಾವ ಮನೆತನದವನೆಂದು ವಿಚಾರಿಸುವರು. ಹೆಸರಿನಿಂದ ಆ ಒಬ್ಬನ ಗುರುತು ಮಾತ್ರ ದೊರೆಯುತ್ತದೆ. ಮನೆತನವು ತಿಳಿದರೆ ಅವನ ಬಂಧುಬಳಗ, ನಡೆನುಡಿ, ಬಾಳಿನ ರೀತಿ ಇವೆಲ್ಲವನ್ನೂ ಅಷ್ಟಿಷ್ಟು ಊಹಿಸಬಹುದಾಗಿದೆ. ಗಿಡಮರಗಳ ವಿಷಯದಲ್ಲಿಯೂ ಮಾತು ಹೀಗೆಯೇ. ಭೂಮಂಡಲದ ಮೇಲೆ ಹೂಬಿಡುವ ಸಸ್ಯಜಾತಿಗಳು ಲಕ್ಷಗಟ್ಟಲೆ ಇರುತ್ತವೆ. ಅವೆಲ್ಲವುಗಳ ಹೆಸರನ್ನು ಕಂಠಸ್ಥ ಮಾಡುವುದು ಎಂತಹ ಮೇಧಾವಿಗೂ ಅಸಾಧ್ಯ. ಆದರೆ ಈ ಜಾತಿಗಳೆಲ್ಲವೂ ನಾನೂರು ಚಿಲ್ಲರೆ ಕುಲಗಳಲ್ಲಿ ಅಡಕವಾಗಿವೆ. ಅವುಗಳಲ್ಲಿಯೂ ಮೂವತ್ತು ನಾಲ್ವತ್ತು ಕುಲಗಳ ಲಕ್ಷಣವನ್ನು ಬಲ್ಲವನಿಗೆ ನಮ್ಮ ಬಯಲುಸೀಮೆಯ ಹೊಲ, ಕೆರೆಯೇರಿ, ತೋಪು, ಕಾವಲುಗಳಲ್ಲಿ ಕಾಣುವ ಗಿಡಗಳಲ್ಲಿ ಬಹುಭಾಗವು ಪೂರ್ತಿ ಅಪರಿಚಿತವಾಗಿ ಉಳಿಯುವುದಿಲ್ಲ. ಈ ವಿದ್ಯೆಯು ಬೆಂಗಳೂರಿನಲ್ಲಿ ಹೇಗೆ ಬೆಳೆಯಿತು, ಅದರಿಂದ ಲೋಕಕ್ಕೆ ಆಗುವ ಪ್ರಯೋಜನವೇನು ಎಂಬುದನ್ನು ಸಂಗ್ರಹವಾಗಿ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಪಾಶ್ಚಾತ್ಯರು ಬರುವುದಕ್ಕೆ ಮುಂಚೆ ನಮ್ಮಲ್ಲಿ ಸಸ್ಯಗಳ ವರ್ಗೀಕರಣವೇ ಇರಲಿಲ್ಲವೆಂದು ಕೆಲವರು ಭಾವಿಸಿರುವುದುಂಟು. ಇದು ಸರಿಯಲ್ಲ. ಪಾಠಶಾಲೆಗಳಲ್ಲಿ ಬಾಲಕರು ಬಾಯಿಪಾಠ ಮಾಡುತ್ತಿದ್ದ ಅಮರಕೋಶದ ಎರಡನೆಯ ಕಾಂಡದಲ್ಲಿ ವನೌಷಧಿವರ್ಗವೆಂಬ ಭಾಗವಿರುವುದು ವಿದಿತವೇ ಆಗಿದೆ. ಅಲ್ಲಿ ಹೂವಿನಿಂದ ಕಾಯಾಗುವ ಮರಕ್ಕೆ ವಾನಸ್ಪತ್ಯವೆಂದೂ, ಹೂವು ಕಾಣದೆಯೇ ಕಾಯಿಬಿಡುವುದಕ್ಕೆ ವನಸ್ಪತಿಯೆಂದೂ, ಫಲವು ಪಕ್ವವಾದೊಡನೆ ಒಣಗಿಹೋಗುವುದಕ್ಕೆ ಓಷಧಿಯೆಂದೂ ಸಂಜ್ಞೆಗಳನ್ನು ಹೇಳಿದೆ. ಬಿದಿರಿಗೆ ಅಲ್ಲಿ ಬರುವ ಪರ್ಯಾಯನಾಮಗಳಲ್ಲಿ ‘ತೃಣಧ್ವಜ’ವೆಂಬುದೂ ಒಂದು. ಮುಗಿಲೆತ್ತರಕ್ಕೆ ಬೆಳೆಯುವ ಬಿದಿರು ಜಾತಿಯಲ್ಲಿ ಹುಲ್ಲೇ ಎಂಬುದನ್ನು ಈ ಒಂದು ಪದವು ತಿಳಿಸುತ್ತದೆ. ಅದರಂತೆಯೇ ತಾಳೆ, ಖರ್ಜೂರ, ಕೇದಗೆ ಮೊದಲಾದವುಗಳಿಗೆ ‘ತೃಣದ್ರುಮ’ಗಳೆಂದು ಹೆಸರು. ತೊಗಟೆಯ ಸುತ್ತುಗಳನ್ನು ಬೆಳೆಸದೆ, ಸಮಾಂತರವಾದ ನರಗಳುಳ್ಳ ಎಲೆಗಳನ್ನು ಬಿಡುವ ಈ ಮರಗಳು ಮಾವು ಹಲಸುಗಳ ಬಳಗಕ್ಕೆ ಸೇರದೆ ಹುಲ್ಲಿನ ಕಡೆಯವೆಂದು ಕೋಶಕಾರನ ಪರಂಪರೆಯು ಕಂಡುಕೊಂಡಿತ್ತು. ಇಂದಿನ ಶಾಸ್ತ್ರದಲ್ಲಿಯೂ ಇವೆಲ್ಲವೂ ಏಕದಳ ಸಸ್ಯಗಳೇ. ಚರಕಸಂಹಿತೆಯ ಸೂತ್ರಸ್ಥಾನದ ೨೭ನೆಯ ಅಧ್ಯಾಯದಲ್ಲಿ ಆಹಾರದ್ರವ್ಯಗಳನ್ನು ಹೇಳುವಾಗ ಮೊದಲು ಶೂಕಧಾನ್ಯವರ್ಗ, ಅನಂತರ ಶಮೀಧಾನ್ಯವರ್ಗ ಬರುತ್ತದೆ. ತೆನೆಯಲ್ಲಿ ಸುಂಕುಳ್ಳ ಭತ್ತ ಗೋದಿಗಳು ಒಂದು ಗುಂಪು. ಸೀಳುವ ಕಾಯಿಯೊಳಗೆ ಬೆಳೆಯುವ ಹೆಸರು ಉದ್ದು ತೊಗರಿಗಳು ಇನ್ನೊಂದು. ಇವೆರಡೂ ಇಂದಿನ ಸಸ್ಯಶಾಸ್ತ್ರಜ್ಞರು ಒಪ್ಪುವ ಎರಡು ಮಹಾಕುಲಗಳೇ ಆಗಿವೆ.

ಹೀಗಿದ್ದರೂ ನಮ್ಮ ಪೂರ್ವಿಕರ ಮುಖ್ಯ ದೃಷ್ಟಿಯು ಗುಣಕರ್ಮಗಳ ಮೇಲೆ ಇದ್ದಿತೇ ಹೊರತು ಹೂವಿನ ರಚನೆಯ ಮೇಲೆ ಇರಲಿಲ್ಲ. ಚರಕನು ಐವತ್ತು ಮಹಾಕಷಾಯಗಳನ್ನು ಹೇಳುವಾಗ ಅವು ದೇಹದಲ್ಲಿ ಮಾಡುವ ಕಾರ್ಯವನ್ನು ಹಿಡಿದು ಗುಂಪುಮಾಡಿದ್ದಾನೆ. ಭಾವಮಿಶ್ರನ ನಿಘಂಟಿನ ಹರೀತಕ್ಯಾದಿವರ್ಗದಲ್ಲಿ ಅಳಲೆ, ತಾರೆ, ನೆಲ್ಲಿ, ಶುಂಠಿ, ಹಿಪ್ಪಲಿ, ಮೆಣಸು ಇವೆಲ್ಲವೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ. ತ್ರಿಫಲೆಯ ಮೂರರಲ್ಲಿ ಅಳಲೆ ತಾರೆಗಳು ಒಡಹುಟ್ಟಿದವು. ನೆಲ್ಲಿಯು ಮಾತ್ರ ಬೇರೆ ಮನೆಯದು. ವೈದ್ಯನ ಕೆಲಸಕ್ಕೆ ಅದು ಬಾಧಕವಲ್ಲ. ಆದರೆ ಕಾಡಿಗೆ ಹೋಗಿ ಗಿಡವನ್ನು ಗುರುತಿಸಿ ತರಬೇಕಾದವನಿಗೆ ಗುಣಕರ್ಮಗಳ ಪಟ್ಟಿಯು ಸಾಲದು. ಆ ಗುರುತು ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ, ಕಣ್ಣಿಂದ ಕಣ್ಣಿಗೆ ಬರುತ್ತಿತ್ತು, ಗ್ರಂಥದಲ್ಲಿ ಇರುತ್ತಿರಲಿಲ್ಲ. ಪರಂಪರೆಯು ಕಡಿದ ಕಡೆಯಲ್ಲಿ ಹೆಸರು ಉಳಿದು ಗಿಡವು ಕೈತಪ್ಪಿಹೋಯಿತು.

ಕೈಯ ಈ ವಿದ್ಯೆಯು ಪುಸ್ತಕಕ್ಕೆ ಏರಿದುದರ ದೊಡ್ಡ ನಿದರ್ಶನವು ನಮ್ಮ ಪಶ್ಚಿಮತೀರದಲ್ಲಿಯೇ ದೊರೆಯುತ್ತದೆ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡೆ ಎಂಬವರು ಇಟ್ಟಿ ಅಚ್ಯುತನ್ ಎಂಬ ಮಲೆಯಾಳದ ವೈದ್ಯರು, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಮೂವರು ಕೊಂಕಣಿ ವಿದ್ವಾಂಸರು ಮುಂತಾದವರ ಸಹಾಯದಿಂದ ‘ಹೋರ್ಟಸ್ ಮಲಬಾರಿಕಸ್’ ಎಂಬ ಹನ್ನೆರಡು ಸಂಪುಟಗಳ ಗ್ರಂಥವನ್ನು ಸಿದ್ಧಪಡಿಸಿದರು. ಅದು ೧೬೭೮ರಿಂದ ೧೬೯೩ರವರೆಗೆ ಪ್ರಕಟವಾಯಿತು. ಸ್ವೀಡನ್ ದೇಶದ ಲಿನೇಯಸ್ ಮಹಾಶಯರು ತಮ್ಮ ಗ್ರಂಥಗಳಲ್ಲಿ ಭಾರತದ ಎಷ್ಟೋ ಗಿಡಗಳನ್ನು ಇದರ ಚಿತ್ರಗಳ ಆಧಾರದಿಂದಲೇ ಸೇರಿಸಿಕೊಂಡರು.

ಲಿನೇಯಸರು ೧೭೫೩ರಲ್ಲಿ ಪ್ರಕಟಿಸಿದ ಗ್ರಂಥವು ಪ್ರತಿಯೊಂದು ಸಸ್ಯಕ್ಕೂ ಎರಡು ಪದಗಳ ಹೆಸರನ್ನು ಕೊಟ್ಟು ಮಹೋಪಕಾರವನ್ನು ಮಾಡಿತು. ಆದರೆ ವರ್ಗೀಕರಣಕ್ಕೆ ಅವರು ಹಿಡಿದ ಮಾರ್ಗವು ಹೂವಿನ ಕೇಸರಗಳನ್ನು ಎಣಿಸುವುದಾಗಿತ್ತು. ಕೇಸರಗಳ ಸಂಖ್ಯೆ ಮತ್ತು ಇರುವಿಕೆಯನ್ನು ಅನುಸರಿಸಿ ಸಸ್ಯಲೋಕವನ್ನೆಲ್ಲ ೨೪ ವರ್ಗಗಳಾಗಿ ವಿಂಗಡಿಸಿದರು. ಎಣಿಸಲು ಬಲ್ಲ ಬಾಲಕನೂ ಇದನ್ನು ಉಪಯೋಗಿಸಬಹುದಾಗಿತ್ತು. ಅದೇ ಅದರ ಗುಣ. ದೋಷವೇನೆಂದರೆ, ಬಂಧುಗಳು ಅಗಲಿ ಅನ್ಯರು ಒಂದಾಗುತ್ತಿದ್ದರು. ರಾಗಿಯ ಹೂವಿನಲ್ಲಿ ಮೂರು ಕೇಸರ, ಭತ್ತದ ಹೂವಿನಲ್ಲಿ ಆರು. ಆದಕಾರಣ ರಾಗಿಯು ಮೂರರ ವರ್ಗಕ್ಕೂ, ಭತ್ತವು ಈರುಳ್ಳಿ ಬೆಳ್ಳುಳ್ಳಿಗಳಿರುವ ಆರರ ವರ್ಗಕ್ಕೂ ಹೋದವು. ಹೊಲದ ಒಕ್ಕಲಿಗನು ಕಂಡರೆ ನಗುವಂತಹ ವಿಂಗಡಣೆಯಿದು. ಈ ಕೊರತೆಯು ಲಿನೇಯಸರಿಗೂ ತಿಳಿದಿತ್ತು. ಸಹಜವಾದ ಕುಲಗಳನ್ನು ಹುಡುಕಬೇಕೆಂದು ಅವರೇ ಹೇಳಿದ್ದರು. ಫ್ರಾನ್ಸಿನ ಜೂಸ್ಯೂ ಎಂಬವರು ೧೭೮೯ರಲ್ಲಿ ಒಂದೇ ಅಂಗವನ್ನು ಎಣಿಸದೆ ಹಲವು ಅಂಗಗಳ ಸಾಮ್ಯವನ್ನು ತೂಗಿನೋಡಿ ನೂರು ಸಹಜಕುಲಗಳನ್ನು ನಿರೂಪಿಸಿದರು. ಸಸ್ಯಕುಲವೆಂಬ ವಿಚಾರವು ಶಾಸ್ತ್ರದಲ್ಲಿ ನೆಲೆಯೂರಿದುದು ಅಂದಿನಿಂದ.

ಇದೇ ಕಾಲದಲ್ಲಿ ಬೆಂಗಳೂರಿನ ಉದ್ಯಾನವು ಶಾಸ್ತ್ರದ ಕಡೆಗೆ ತಿರುಗಿತು. ಹೈದರಾಲಿಯು ೧೭೬೦ರ ಸುಮಾರಿನಲ್ಲಿ ಪ್ರಾರಂಭಿಸಿ ಟಿಪ್ಪುಸುಲ್ತಾನನು ಬೆಳೆಸಿದ ಲಾಲ್‌ಬಾಗನ್ನು ಬುಕಾನನ್ ಎಂಬ ವೈದ್ಯರು ೧೮೦೦ರಲ್ಲಿ ಕಂಡರು. ತೋಟವನ್ನು ಚೌಕಗಳಾಗಿ ವಿಂಗಡಿಸಿ, ಒಂದೊಂದು ಚೌಕದಲ್ಲಿ ಒಂದೊಂದೇ ಬಗೆಯ ಗಿಡವನ್ನು ಬೆಳೆಸಿದ್ದರೆಂದು ಅವರು ಬರೆದಿದ್ದಾರೆ: ಒಂದರಲ್ಲಿ ಗುಲಾಬಿ, ಮತ್ತೊಂದರಲ್ಲಿ ದಾಳಿಂಬೆ, ಹೀಗೆ. ಅದು ಅರಸರ ಸಂತೋಷಕ್ಕೂ ಹಣ್ಣುಹಂಪಲಿಗೂ ಇದ್ದ ತೋಟ. ಸಸ್ಯಗಳನ್ನು ಹೋಲಿಸಿ ನೋಡುವುದಕ್ಕೆ ಹಾಕಿದ್ದಲ್ಲ. ಶ್ರೀರಂಗಪಟ್ಟಣವು ೧೭೯೯ರಲ್ಲಿ ಬಿದ್ದ ಮೇಲೆ ಬೆಂಜಮಿನ್ ಹೇನ್ ಎಂಬ ವೈದ್ಯರಿಗೆ ಈ ತೋಟದ ಆಡಳಿತವು ಬಂದಿತು. ನಮ್ಮ ಬೇವಿನ ಕುಲದ ಒಂದು ಮರವು ಅವರ ಹೆಸರಿನಿಂದ ‘ಹೇನಿಯ’ ಎಂದು ಕರೆಯಲ್ಪಡುತ್ತದೆ. ಅನಂತರ ೧೮೧೯ರಿಂದ ಕೆಲಕಾಲ ಕಲ್ಕತ್ತೆಯ ಉದ್ಯಾನದ ವಾಲಿಚ್ ಅವರ ಮೇಲ್ವಿಚಾರಣೆಯಲ್ಲಿಯೂ ಲಾಲ್‌ಬಾಗು ಇದ್ದಿತು.

ದಕ್ಷಿಣಭಾರತದ ಸಸ್ಯಗಳನ್ನು ಸಹಜಕುಲಗಳ ಕ್ರಮದಲ್ಲಿ ಇರಿಸಿ ಬರೆದ ಕೀರ್ತಿಯು ಮದರಾಸಿನ ರಾಬರ್ಟ್ ವೈಟ್ ಅವರಿಗೂ ಅವರ ಸಹಕಾರಿ ಆರ್ನಾಟ್ ಅವರಿಗೂ ಸಲ್ಲಬೇಕು. ಅವರ ಗ್ರಂಥವು ೧೮೩೪ರಲ್ಲಿ ಹೊರಬಂದಿತು. ವೈಟ್ ಅವರಿಗಾಗಿ ರಂಗಯ್ಯ, ಗೋವಿಂದು ಎಂಬ ಈ ನಾಡಿನ ಚಿತ್ರಕಾರರು ಹೂವನ್ನು ಸೀಳಿ, ಅಂಡಾಶಯವನ್ನು ಕೊಯ್ದು, ಒಳಗಿನ ಅಂಗಾಂಗಗಳನ್ನು ಬಿಡಿಬಿಡಿಯಾಗಿ ಬರೆದ ಚಿತ್ರಗಳು ಇಂದಿಗೂ ಆದರ್ಶವಾಗಿವೆ. ಮುಂದೆ ಬೆಂಥಮ್ ಮತ್ತು ಹುಕರ್ ಎಂಬ ವಿದ್ವಾಂಸರು ೧೮೬೨ರಿಂದ ೧೮೮೩ರವರೆಗೆ ಲೋಕದ ಸಸ್ಯಗಳನ್ನೆಲ್ಲ ಸುಮಾರು ೨೦೦ ಕುಲಗಳಲ್ಲಿ ಅಡಕಮಾಡಿದರು. ಅದೇ ಕ್ರಮದಲ್ಲಿ ಹುಕರರು ಭಾರತದ ಸಸ್ಯಸಂಪತ್ತನ್ನು ಏಳು ಸಂಪುಟಗಳಲ್ಲಿ ೧೮೭೨ರಿಂದ ೧೮೯೭ರೊಳಗೆ ವರ್ಣಿಸಿದರು. ನಮ್ಮ ದೇಶದ ಕಾಲೇಜುಗಳಲ್ಲಿ ಮೂರು ನಾಲ್ಕು ತಲೆಮಾರಿನ ವಿದ್ಯಾರ್ಥಿಗಳು ಕಲಿತ ಕುಲಕ್ರಮವು ಇದೇ.

ಲಾಲ್‌ಬಾಗಿಗೆ ಕ್ಯೂ ಉದ್ಯಾನದಿಂದ ೧೮೫೮ರಲ್ಲಿ ವಿಲಿಯಂ ನ್ಯೂ ಅವರೂ, ೧೮೭೪ರಲ್ಲಿ ಕ್ಯಾಮೆರಾನ್ ಅವರೂ ಬಂದರು. ಉದ್ಯಾನದಲ್ಲಿಯೂ ಅದರ ಸುತ್ತಮುತ್ತಲೂ ಇರುವ ಸಸ್ಯಗಳ ಪಟ್ಟಿಯನ್ನು ಕ್ಯಾಮೆರಾನರು ಸಿದ್ಧಪಡಿಸಿದರು. ಅದರ ಎರಡನೆಯ ಮುದ್ರಣವು ೧೮೯೧ರಲ್ಲಿ ಆಯಿತು. ಅವರ ತರುವಾಯ ೧೯೦೮ರಿಂದ ಕ್ರುಂಬೀಗಲ್ ಅವರೂ, ೧೯೩೨ರಿಂದ ಜವರಾಯರೂ ಉದ್ಯಾನವನ್ನು ನಡೆಸಿದರು. ಸಸ್ಯೋದ್ಯಾನದ ಮಹತ್ವವೇನೆಂದರೆ, ಮಲೆನಾಡಿನ ಮರ, ಕಡಲತೀರದ ಪೊದೆ, ಅಮೆರಿಕದ ಬಳ್ಳಿ, ಆಫ್ರಿಕದ ಕಳ್ಳಿಯಂಥ ಗಿಡ ಇವೆಲ್ಲವೂ ಒಂದು ಮುಂಜಾನೆಯ ನಡಿಗೆಯೊಳಗೆ ಕಾಣಸಿಗುತ್ತವೆ. ನಾಲ್ಕು ದಿಕ್ಕಿಗೆ ಹಂಚಿಹೋದ ನೆಂಟರು ಮದುವೆಯ ಮನೆಯಲ್ಲಿ ಒಟ್ಟಿಗೆ ಕುಳಿತಾಗ ಮುಖಸಾಮ್ಯವು ಹೇಗೆ ಥಟ್ಟನೆ ಹೊಳೆಯುವುದೋ ಹಾಗೆ ಇಲ್ಲಿ ಸಸ್ಯಗಳ ಕುಲಸಾಮ್ಯವು ಹೊಳೆಯುತ್ತದೆ.

ಬೆಂಗಳೂರಿನ ಉತ್ತರಕ್ಕೆ ಈ ವಿದ್ಯೆಯು ಹಬ್ಬಿದ ಕಥೆಯು ಹೂತೋಟದಿಂದಲ್ಲ, ಹೊಲದಿಂದ ಪ್ರಾರಂಭವಾಗುತ್ತದೆ. ಮೈಸೂರು ಸಂಸ್ಥಾನದ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣೀವಿಲಾಸ ಸನ್ನಿಧಾನದವರು ೧೮೯೯ರಲ್ಲಿ ಹೆಬ್ಬಾಳದಲ್ಲಿ ೩೦ ಎಕರೆ ಭೂಮಿಯನ್ನು ಕೃಷಿಪ್ರಯೋಗಕ್ಕಾಗಿ ದಯಪಾಲಿಸಿದರು. ಡಾ. ಲೇಮನ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿ ಮಣ್ಣು ಮತ್ತು ಬೆಳೆಗಳ ಪರೀಕ್ಷೆಯನ್ನು ಮೊದಲುಮಾಡಿದರು. ಕೆನಡಾ ದೇಶದ ಡಾ. ಲೆಸ್ಲಿ ಕೋಲ್ಮನ್ ಅವರು ೧೯೦೮ರಲ್ಲಿ ಸಂಸ್ಥಾನದ ಸೇವೆಗೆ ಬಂದು ಕೀಟಗಳನ್ನೂ ಬೂಷ್ಟುರೋಗಗಳನ್ನೂ ವ್ಯಾಸಂಗಮಾಡಿದರು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ ಸುಣ್ಣಗಳ ದ್ರಾವಣವನ್ನು ಮಲೆನಾಡಿನ ತೋಟಗಳಲ್ಲಿ ರೂಢಿಗೆ ತಂದವರು ಅವರೇ. ಹೆಬ್ಬಾಳದಲ್ಲಿ ೧೯೧೩ರಲ್ಲಿ ವ್ಯವಸಾಯದ ಶಾಲೆಯೂ, ೧೯೪೬ರಲ್ಲಿ ಕಾಲೇಜೂ ಸ್ಥಾಪಿತವಾದವು. ೧೯೬೪ರಲ್ಲಿ ಕೃಷಿ ವಿಶ್ವವಿದ್ಯಾನಿಲಯವಾಯಿತು. ಹೆಬ್ಬಾಳಕ್ಕೂ ಯಲಹಂಕಕ್ಕೂ ನಡುವೆ ಬಳ್ಳಾರಿ ರಸ್ತೆಯ ಬದಿಯಲ್ಲಿರುವ ಅದರ ವಿಶಾಲವಾದ ಆವರಣಕ್ಕೆ ೧೯೬೯ರಲ್ಲಿ ಅಡಿಗಲ್ಲನ್ನಿಟ್ಟು ಗಾಂಧಿ ಕೃಷಿ ವಿಜ್ಞಾನ ಕೇಂದ್ರವೆಂದು ಹೆಸರಿಟ್ಟರು. ಆ ಆವರಣದಲ್ಲಿ ಬೆಳೆದ ಸಸ್ಯೋದ್ಯಾನವೇ ಇಂದು ನಗರದ ಈ ಭಾಗದಲ್ಲಿ ಸಸ್ಯಕುಲಗಳ ಪಾಠಶಾಲೆಯಾಗಿದೆ.

ವ್ಯವಸಾಯವನ್ನು ಕಲಿಯುವವನಿಗೆ ಹೂವಿನ ದಳಗಳನ್ನು ಎಣಿಸುವ ಕೆಲಸವೇಕೆಂದು ಕೆಲವರು ಕೇಳಬಹುದು. ಬದನೆ, ಟೊಮೇಟೊ, ಮೆಣಸಿನಕಾಯಿ, ಆಲೂಗಡ್ಡೆ ಇವು ತಿನ್ನುವವನಿಗೆ ನಾಲ್ಕು ಬೇರೆ ಬೇರೆ ಪದಾರ್ಥಗಳು. ಹೂವನ್ನು ನೋಡಿದವನಿಗೆ ನಾಲ್ಕೂ ಒಂದೇ ಕುಲ. ದತ್ತೂರ, ಹೊಗೆಸೊಪ್ಪುಗಳೂ ಅದೇ ಕುಲದವು. ಒಂದನ್ನು ಸೊರಗಿಸುವ ಮಣ್ಣಿನ ರೋಗವು ಇನ್ನೊಂದನ್ನೂ ಸೊರಗಿಸುತ್ತದೆ. ಆದುದರಿಂದ ಬದನೆಯನ್ನು ಕಿತ್ತ ಮಡಿಯಲ್ಲಿ ಟೊಮೇಟೊ ನೆಡುವುದು ಬೆಳೆಯ ಬದಲಾವಣೆಯೆನಿಸದು. ರಾಗಿಯನ್ನೋ ಜೋಳವನ್ನೋ ಹಾಕಿದರೆ ಮಾತ್ರ ಬದಲಾವಣೆ. ಬೆಂಡೆಯ ಕಾಯನ್ನು ಕೊರೆಯುವ ಹುಳುವು ಹತ್ತಿಯ ಕಾಯನ್ನೂ ಕೊರೆಯುತ್ತದೆ. ಏಕೆಂದರೆ ಎರಡೂ ದಾಸವಾಳದ ಕುಲದವು. ಬೆಂಗಳೂರು ಸೀಮೆಯ ಒಕ್ಕಲಿಗನು ರಾಗಿಯ ಹೊಲದಲ್ಲಿ ಅಕ್ಕಡಿ ಸಾಲುಗಳಾಗಿ ಅವರೆ ತೊಗರಿಗಳನ್ನು ಬಿತ್ತುವುದು ತಲೆತಲಾಂತರದ ಪದ್ಧತಿ. ಅವರೆಯ ಕುಲದ ಸಸ್ಯಗಳು ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳ ಮೂಲಕ ಗಾಳಿಯ ಸಾರಜನಕವನ್ನು ಹಿಡಿಯುವುವೆಂದು ೧೮೮೮ರ ಹೊತ್ತಿಗೆ ಜರ್ಮನಿಯ ವಿದ್ವಾಂಸರು ಸಿದ್ಧಪಡಿಸಿದರು. ಶಮೀಧಾನ್ಯವನ್ನೂ ಶೂಕಧಾನ್ಯವನ್ನೂ ಜೊತೆಗೂಡಿಸಿದ ಹಳ್ಳಿಯ ಪದ್ಧತಿಗೆ ಕಾರಣವು ಆಗ ದೊರೆಯಿತು.

ಇನ್ನು ಕುಲವನ್ನು ಗುರುತಿಸುವ ಕ್ರಮವನ್ನು ನೋಡೋಣ. ತರ್ಕಶಾಸ್ತ್ರದಲ್ಲಿ ಲಕ್ಷಣವೆಂದರೆ ಅಸಾಧಾರಣವಾದ ಧರ್ಮ. ಅದಕ್ಕೆ ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳು ಬರಬಾರದು. ಕೊಂಬುಳ್ಳದ್ದು ಹಸುವೆಂದರೆ ಎಮ್ಮೆಗೂ ಕೊಂಬಿರುವುದರಿಂದ ಅತಿವ್ಯಾಪ್ತಿ. ಕಪಿಲವರ್ಣದ್ದು ಹಸುವೆಂದರೆ ಬಿಳಿಯ ಹಸುವಿನಲ್ಲಿ ಅವ್ಯಾಪ್ತಿ. ಆದುದರಿಂದಲೇ ತಾರ್ಕಿಕರು ಗಂಗೆದೊಗಲನ್ನು ಲಕ್ಷಣವಾಗಿ ಹಿಡಿದರು. ಸಸ್ಯೋದ್ಯಾನದಲ್ಲಿ ಹೊಸದಾಗಿ ಕಲಿಯುವವನು ಎಡವುವುದೂ ಈ ದೋಷಗಳಲ್ಲಿಯೇ. ಎಕ್ಕದ ಎಲೆಯನ್ನು ಮುರಿದರೆ ಹಾಲು ಬರುತ್ತದೆ, ಕಣಗಿಲೆಯೂ ಅದೇ ಕುಲದ್ದು. ಆದಕಾರಣ ಹಾಲುಳ್ಳದ್ದೆಲ್ಲ ಕಣಗಿಲೆಯ ಕುಲವೆಂದು ನಿರ್ಧರಿಸಿದರೆ ಕಳ್ಳಿ, ಆಲ, ಪರಂಗಿಗಳೂ ಒಳಗೆ ನುಗ್ಗುತ್ತವೆ. ತುಳಸಿಯ ಕಾಂಡವು ಚೌಕವಾಗಿದೆ. ಆದರೆ ಚೌಕವಾದ ಕಾಂಡಗಳು ಬೇರೆ ಕುಲಗಳಲ್ಲಿಯೂ ಉಂಟು. ಸಸ್ಯಕುಲಕ್ಕೆ ಗಂಗೆದೊಗಲಿನಂತೆ ಒಂದೇ ಒಂದು ಗುರುತು ದೊರೆಯುವುದು ಅಪೂರ್ವ. ಎಲೆಯ ಜೋಡಣೆ, ಕಾವಿನೆಲೆ, ಪುಷ್ಪಪತ್ರ, ದಳ, ಕೇಸರ, ಅಂಡಾಶಯ, ಕಾಯಿ ಇವು ಏಳೂ ಸಾಕ್ಷಿ ನುಡಿದ ಮೇಲೆ ತೀರ್ಪು ಕೊಡಬೇಕು.

ಕೆಲವು ಉದಾಹರಣೆಗಳಿಂದ ಇದು ಸ್ಪಷ್ಟವಾಗುವುದು. ದಾಸವಾಳದ ಹೂವಿನಲ್ಲಿ ಅನೇಕ ಕೇಸರಗಳು ಒಂದು ಕೊಳವೆಯಾಗಿ ಕೂಡಿಕೊಂಡಿವೆ. ಆ ಕೊಳವೆಯ ನಡುವಿನಿಂದ ಶಲಾಕೆಯು ಹೊರಟು ತುದಿಯಲ್ಲಿ ಐದು ಕವಲಾಗಿದೆ. ಮೊಗ್ಗಿನಲ್ಲಿ ದಳಗಳು ಒಂದನ್ನೊಂದು ಸುತ್ತಿಕೊಂಡಿವೆ. ಎಲೆಯನ್ನು ಅರೆದರೆ ಲೋಳೆ. ಈ ಲಕ್ಷಣಗಳನ್ನು ಹಿಡಿದು ಹೊರಟರೆ ಹತ್ತಿ, ಬೆಂಡೆ, ಹೂವರಸಿಗಳು ಒಂದೊಂದಾಗಿ ಗುರುತು ಸಿಗುತ್ತವೆ. ಅವರೆಯ ಹೂವಿನಲ್ಲಿ ಮೇಲೆ ಧ್ವಜದಂತೆ ನಿಂತ ದೊಡ್ಡ ದಳವೊಂದು, ಇಕ್ಕೆಲದಲ್ಲಿ ರೆಕ್ಕೆಗಳಂತೆ ಎರಡು, ಕೆಳಗೆ ದೋಣಿಯಂತೆ ಕೂಡಿದ ಎರಡು. ಹತ್ತು ಕೇಸರಗಳಲ್ಲಿ ಒಂಬತ್ತು ಕೂಡಿ ಒಂದು ಬಿಡಿಯಾಗಿದೆ. ಇದೇ ಮುಖವು ಹೊಂಗೆಯಲ್ಲಿಯೂ ಮುತ್ತುಗದಲ್ಲಿಯೂ ಕಾಣುವುದು. ಕಕ್ಕೆ ಹುಣಸೆಗಳಲ್ಲಿ ಈ ಚಿಟ್ಟೆಯ ಆಕಾರವಿಲ್ಲ. ಜಾಲಿ, ಬಾಗೆ, ಮುಟ್ಟಿದರೆಮುನಿಗಳಲ್ಲಿ ದಳಗಳು ಕಿರಿದಾಗಿ ಕೇಸರಗಳೇ ಕುಚ್ಚಿನಂತೆ ಹೊರಚಾಚಿವೆ. ಆದರೂ ಎಲ್ಲಕ್ಕೂ ಕಾಯಿಯ ರಚನೆಯು ಒಂದೇ ಆದುದರಿಂದ ಮೂರನ್ನೂ ಒಂದೇ ಮಹಾಕುಲವಾಗಿ ಗಣಿಸಿದ್ದಾರೆ. ಕಾಫಿಗೂ ಕೇಪಳಕ್ಕೂ ಸಂಬಂಧವನ್ನು ಹೂವಿಗಿಂತ ಮೊದಲು ಎಲೆಯೇ ಹೇಳುತ್ತದೆ: ಎಲೆಗಳು ಎದುರುಬದುರು, ಎರಡು ತೊಟ್ಟುಗಳ ನಡುವೆ ಚಿಕ್ಕ ಮುಕ್ಕೋಣದ ಕಾವಿನೆಲೆ. ಸೂರ್ಯಕಾಂತಿ, ಸೇವಂತಿಗೆ, ಚೆಂಡುಹೂಗಳಲ್ಲಿ ಜನರು ಒಂದು ಹೂವೆಂದು ಕರೆಯುವುದು ವಾಸ್ತವವಾಗಿ ನೂರಾರು ಕಿರುಹೂಗಳ ಸಭೆ. ಅಂಚಿನ ಒಂದೊಂದು ಎಸಳೂ ಒಂದೊಂದು ಹೂವು. ನಮ್ಮ ಹೊಲದ ಹುಚ್ಚೆಳ್ಳೂ ಈ ಸಭೆಗೇ ಸೇರಿದ್ದು. ಕೋಶಕಾರನು ವನಸ್ಪತಿಯೆಂದ ಅತ್ತಿಯ ಹಸುರು ಕಾಯನ್ನು ಸೀಳಿ ಭೂತಗನ್ನಡಿಯಲ್ಲಿ ನೋಡಿದರೆ ಒಳಗೋಡೆಯ ತುಂಬ ಸಾಸಿವೆಗಿಂತ ಸಣ್ಣ ಹೂಗಳು ಕಾಣುತ್ತವೆ. ಹೂವು ಇಲ್ಲದೆ ಇರಲಿಲ್ಲ, ಮರೆಯಾಗಿತ್ತು.

ಈ ಕುಲಜ್ಞಾನದ ಬೆಲೆಯು ಬೆಂಗಳೂರಿನಲ್ಲಿ ಒಮ್ಮೆ ಪರೀಕ್ಷೆಗೆ ಬಂದಿತು. ಅಮೆರಿಕ ಖಂಡದ ಪಾರ್ಥೇನಿಯಂ ಎಂಬ ಕಳೆಯು, ಜನರು ‘ಕಾಂಗ್ರೆಸ್ ಗಿಡ’ವೆಂದು ಕರೆಯುವುದು, ೧೯೫೦ರ ದಶಕದಿಂದೀಚೆಗೆ ದೇಶವನ್ನೆಲ್ಲ ವ್ಯಾಪಿಸಿತು. ಮೈಗೆ ತಾಗಿದರೆ ತುರಿ, ಬೀಡಿನಲ್ಲಿ ಹಬ್ಬಿದರೆ ದನಕ್ಕೆ ಮೇವಿಲ್ಲ. ಅದನ್ನು ತಿನ್ನುವ ಒಂದು ದುಂಬಿಯನ್ನು ಮೆಕ್ಸಿಕೋ ದೇಶದಿಂದ ೧೯೮೩ರಲ್ಲಿ ತರಿಸಿ, ಪರೀಕ್ಷಿಸಿ, ೧೯೮೪ರಲ್ಲಿ ಬೆಂಗಳೂರಿನ ಬಯಲಿನಲ್ಲಿ ಬಿಟ್ಟರು. ಕೆಲವು ವರ್ಷಗಳಲ್ಲಿ ದುಂಬಿಯು ಹೆಚ್ಚಿ ಕಳೆಯನ್ನು ಮೇಯತೊಡಗಿತು. ಆದರೆ ೧೯೯೦ರ ದಶಕದ ಆರಂಭದಲ್ಲಿ ಅದು ಸೂರ್ಯಕಾಂತಿಯ ಎಲೆಯನ್ನೂ ತಿನ್ನುತ್ತಿರುವುದು ಕಂಡುಬಂದಿತು. ಪಾರ್ಥೇನಿಯಮೂ ಸೂರ್ಯಕಾಂತಿಯೂ ಒಂದೇ ಕುಲದವಾದುದರಿಂದ ಎಲ್ಲರಿಗೂ ಗಾಬರಿಯಾಯಿತು. ರೈತನ ಎಣ್ಣೆಬೀಜದ ಬೆಳೆಗೆ ಹೊಸ ಶತ್ರುವನ್ನು ತಾವೇ ಕರೆತಂದಂತಾಯಿತೇ ಎಂದು ವಿದ್ವಾಂಸರಲ್ಲಿ ದೊಡ್ಡ ವಾದವೇ ನಡೆಯಿತು. ವಿಚಾರಿಸಿ ನೋಡಲಾಗಿ, ಪಕ್ಕದ ಪಾರ್ಥೇನಿಯಂ ಗಿಡಗಳ ಪರಾಗವು ಗಾಳಿಯಲ್ಲಿ ಬಂದು ಸೂರ್ಯಕಾಂತಿಯ ಎಲೆಗಳ ಮೇಲೆ ಕೂತಾಗ ಅದರ ವಾಸನೆಗೆ ದುಂಬಿಯು ಆ ಎಲೆಯನ್ನು ಕಡಿಯುವುದೆಂದು ಸಂಶೋಧಕರು ೧೯೯೩ರಲ್ಲಿ ಪ್ರಕಟಿಸಿದರು. ಕುಲವನ್ನು ಬಲ್ಲವರಿಗೆ ಅಪಾಯವು ಯಾವ ಕಡೆಯಿಂದ ಬರಬಹುದೆಂಬುದು ಗೊತ್ತಿತ್ತು; ಅಷ್ಟರಿಂದಲೇ ತೀರ್ಮಾನಕ್ಕೆ ಬರಬಾರದೆಂಬುದನ್ನೂ ಈ ಪ್ರಕರಣವು ಕಲಿಸಿತು.

ವೈದ್ಯದಲ್ಲಿಯಾದರೆ ಕುಲಜ್ಞಾನದ ಕೊರತೆಯು ನೇರವಾಗಿ ರೋಗಿಗೆ ತಗಲುತ್ತದೆ. ಬೆಂಗಳೂರಿನ ರಸ್ತೆಗಳ ಬದಿಯಲ್ಲಿಯೂ ಶಾಲೆಗಳ ಅಂಗಳದಲ್ಲಿಯೂ ಕಂಬದಂತೆ ನೆಟ್ಟಗೆ ಬೆಳೆಯುವ ಒಂದು ಮರವನ್ನು ಜನರು ಅಶೋಕವೆಂದು ಕರೆಯುವರು. ಅದರ ಹೂವು ಹಸುರು. ಪುಷ್ಪಪತ್ರ ಮೂರು, ದಳಗಳು ಮೂರರಂತೆ ಎರಡು ಸುತ್ತು. ಒಂದು ಹೂವಿನಿಂದ ಹಲವು ಕಾಯಿಗಳ ಗೊಂಚಲು. ಅದು ಸೀತಾಫಲದ ಕುಲ. ಸೀತಾದೇವಿಯು ಕುಳಿತ ವನದ, ಕವಿಗಳು ವರ್ಣಿಸಿದ ಅಶೋಕವು ಬೇರೆ. ಅದರ ಹೂಗೊಂಚಲು ಕಿತ್ತಳೆಗೆಂಪು; ಅದಕ್ಕೆ ದಳಗಳೇ ಇಲ್ಲ, ಬಣ್ಣವೆಲ್ಲ ಪುಷ್ಪಪತ್ರದ್ದು; ಕಾಯಿಯು ಚಪ್ಪಟೆಯಾಗಿ ಸೀಳುವಂಥದು. ಅದು ಹುಣಸೆ ಕಕ್ಕೆಗಳ ಕುಲ. ಸ್ತ್ರೀರೋಗಗಳಲ್ಲಿ ವಿಧಿಸಿರುವ ಅಶೋಕದ ತೊಗಟೆಗೆ ಬದಲಾಗಿ ಈ ಕಂಬದ ಮರದ ತೊಗಟೆಯನ್ನು ಬೆರಸಿ ಮಾರುವುದು ವ್ಯಾಪಾರದಲ್ಲಿ ಪ್ರಸಿದ್ಧವಾದ ಮೋಸ. ಬ್ರಾಹ್ಮಿಯ ವಿಷಯವೂ ಹೀಗೆಯೇ ಗೊಂದಲವಾಗಿದೆ. ಕೆಲವರು ಒಂದೆಲಗವನ್ನು ಬ್ರಾಹ್ಮಿಯೆನ್ನುವರು. ಅದು ಕೊತ್ತಂಬರಿ ಜೀರಿಗೆಗಳ ಕುಲ. ಕೆಲವರು ನೀರುಬ್ರಾಹ್ಮಿಯನ್ನು ಹೇಳುವರು. ಅದು ಇಸಬಗೋಲಿನ ಕುಲ. ಯಲಹಂಕದ ಸಮೀಪ ಜಾರಕಬಂಡೆ ಕಾವಲಿನಲ್ಲಿ ೧೯೯೦ರ ದಶಕದಿಂದ ಕೆಲಸಮಾಡುತ್ತಿರುವ, ಸ್ಥಳೀಯ ಆರೋಗ್ಯಪರಂಪರೆಗಳನ್ನು ಪುನರುಜ್ಜೀವಿಸುವ ಪ್ರತಿಷ್ಠಾನವು ಒಣಗಿಸಿದ ಸಸ್ಯಗಳ ಭಂಡಾರವನ್ನು ಕೂಡಿಸಿ, ಸಂಸ್ಕೃತದ ಹೆಸರುಗಳನ್ನು ಇಂದಿನ ಶಾಸ್ತ್ರದ ಹೆಸರುಗಳಿಗೆ ಹೊಂದಿಸಿ ತೋರಿಸುವ ಕಾರ್ಯವನ್ನು ನಡೆಸಿದೆ. ನಿಘಂಟು ಉಳಿಸಿದ ಹೆಸರಿಗೆ ಕೈತಪ್ಪಿದ ಗಿಡವನ್ನು ಮರಳಿ ಒದಗಿಸುವ ಪುಣ್ಯಕಾರ್ಯವಿದು.

ಕುಲಗಳ ಎಲ್ಲೆಯು ಒಮ್ಮೆ ಎಳೆದಂತೆಯೇ ನಿಂತಿದೆಯೆಂದು ತಿಳಿಯಬಾರದು. ಜೀವಕೋಶದೊಳಗಿನ ವಂಶಸೂತ್ರವನ್ನು ಓದುವ ವಿದ್ಯೆಯು ಬಂದ ಮೇಲೆ ನಾನಾ ದೇಶಗಳ ವಿದ್ವಾಂಸರು ಕೂಡಿ ೧೯೯೮ರಲ್ಲಿ ಹೊಸದೊಂದು ಕ್ರಮವನ್ನು ಪ್ರಕಟಿಸಿದರು. ೨೦೧೬ರಲ್ಲಿ ಅದರ ನಾಲ್ಕನೆಯ ಪರಿಷ್ಕರಣವಾಗಿ ಹೂಸಸ್ಯಗಳ ಕುಲಗಳು ೪೧೬ ಎಂದು ಗಣನೆಯಾಯಿತು. ಪ್ರತ್ಯೇಕ ಕುಲದಲ್ಲಿದ್ದ ಎಕ್ಕವು ಈಗ ಕಣಗಿಲೆಯ ಮನೆಗೆ ಸೇರಿತು. ನಮ್ಮ ರಸಗ್ರಂಥಗಳಲ್ಲಿ ಉಪವಿಷಗಳನ್ನು ಎಣಿಸುವಾಗ ಅರ್ಕ ಕರವೀರಗಳೆರಡೂ ಒಂದೇ ಪಟ್ಟಿಯಲ್ಲಿ ಇದ್ದುದನ್ನು ಇಲ್ಲಿ ನೆನೆಯಬಹುದು. ಬೂರುಗದ ಮರವು ದಾಸವಾಳದ ಕುಲವಾಯಿತು. ಎಲ್ಲಕ್ಕಿಂತ ಆಶ್ಚರ್ಯವೆಂದರೆ ಕಾಡಿನ ಮಹಾವೃಕ್ಷವಾದ ತೇಗವೂ ಅಂಗಳದ ತುಳಸಿಯೂ ಈಗ ಒಂದೇ ಕುಲ. ತುಂಬೆ, ದೊಡ್ಡಪತ್ರೆ, ಪುದೀನ, ಲಕ್ಕಿಗಳೂ ಅದೇ ಮನೆಯವು. ಹಳೆಯ ಪುಸ್ತಕದಲ್ಲಿ ಕಲಿತವರಿಗೆ ಇದರಿಂದ ಬೇಸರವಾಗಿರುವುದು ಸಹಜ. ಆದರೆ ಹೂವನ್ನು ಬಿಡಿಸಿ ನೋಡಿ ಕಲಿತವನ ಕಲಿಕೆಯು ಇದರಿಂದ ವ್ಯರ್ಥವಾಗಲಿಲ್ಲ. ನಾಮಫಲಕವನ್ನು ಮಾತ್ರ ಬಾಯಿಪಾಠ ಮಾಡಿದವನಿಗೆ ಎಲ್ಲವೂ ಹೊಸದಾಯಿತು.

ಈ ಸೀಮೆಯ ಸಸ್ಯಗಳನ್ನು ಹೆಸರು, ಕುಲ, ಲಕ್ಷಣಗಳೊಡನೆ ಬರೆದಿಡುವ ಕೆಲಸವನ್ನು ಕನ್ನಡನಾಡಿನ ವಿದ್ವಾಂಸರು ಕೈಗೊಂಡು ನೆರವೇರಿಸಿದುದು ಸಂತೋಷದ ವಿಷಯ. ರಾಮಸ್ವಾಮಿ ಮತ್ತು ರಾಜಿ ಎಂಬವರ ಬೆಂಗಳೂರು ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವನ್ನು ಮೈಸೂರು ವಿಶ್ವವಿದ್ಯಾನಿಲಯವು ೧೯೭೩ರಲ್ಲಿ ಪ್ರಕಟಿಸಿತು. ಬೆಂಗಳೂರಿನ ಸೇಂಟ್ ಜೋಸೆಫ್ ಕಾಲೇಜಿನ ಪಾದರಿ ಸಿಸಿಲ್ ಸಾಲ್ಡಾನಾ ಅವರು ಡಾನ್ ನಿಕೋಲ್ಸನ್ ಅವರೊಡನೆ ಹಾಸನ ಜಿಲ್ಲೆಯ ಸಸ್ಯಗಳನ್ನು ೧೯೭೬ರಲ್ಲಿಯೂ, ಅನಂತರ ಕರ್ನಾಟಕದ ಸಸ್ಯಗಳನ್ನು ೧೯೮೪ ಮತ್ತು ೧೯೯೬ರ ಎರಡು ಸಂಪುಟಗಳಲ್ಲಿಯೂ ನಿರೂಪಿಸಿದರು. ಇವು ಇಂಗ್ಲಿಷಿನವು. ಕನ್ನಡದಲ್ಲಿ ಈ ವಿದ್ಯೆಯ ರುಚಿಯನ್ನು ಮನೆಮನೆಗೆ ಹಂಚಿದವರು ಡಿ. ವಿ. ಗುಂಡಪ್ಪನವರ ಪುತ್ರರಾದ ಬಿ. ಜಿ. ಎಲ್. ಸ್ವಾಮಿಯವರು. ವಿದ್ಯಾರ್ಥಿಗಳನ್ನು ಕಾಡಿಗೆ ಕರೆದೊಯ್ದು ಗಿಡಗಳನ್ನು ಗುರುತಿಸಲು ಕಲಿಸಿದ ಅನುಭವವನ್ನು ಅವರು ‘ಹಸುರು ಹೊನ್ನು’ ಎಂಬ ಗ್ರಂಥವಾಗಿ ಬರೆದರು. ಅದಕ್ಕೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವು ದೊರೆಯಿತು. ಶಾಸ್ತ್ರವು ಕನ್ನಡದಲ್ಲಿ ನಗುನಗುತ್ತ ಮಾತಾಡಬಲ್ಲದೆಂಬುದು ಅದರಿಂದ ಸಿದ್ಧವಾಯಿತು.

ದೇವನಹಳ್ಳಿಯಲ್ಲಿ ೨೦೦೮ರಲ್ಲಿ ವಿಮಾನನಿಲ್ದಾಣವು ತೆರೆದ ಮೇಲೆ ಹೆಬ್ಬಾಳ ಯಲಹಂಕಗಳ ರೂಪವೇ ಬದಲಾಗಿದೆ. ಬಳ್ಳಾರಿ ರಸ್ತೆಯು ಅಗಲವಾದಂತೆಲ್ಲ ಬದಿಯ ಮರಗಳು ಉರುಳಿದವು; ರಾಗಿ ಅವರೆಗಳ ಹೊಲಗಳು ಬಡಾವಣೆಗಳಾದವು. ಇಂದಿನ ಬಾಲಕನಿಗೆ ರಾಗಿಯ ಹೂವನ್ನೋ ಹುಚ್ಚೆಳ್ಳಿನ ಹಳದಿಯನ್ನೋ ದಾರಿಯಲ್ಲಿ ಕಾಣುವ ಭಾಗ್ಯವಿಲ್ಲ. ಹೀಗಿರಲು ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣವೂ ಅಲ್ಲಿಯ ಸಸ್ಯೋದ್ಯಾನವೂ ಬರಿಯ ವಿಹಾರಸ್ಥಾನಗಳಲ್ಲ. ಹಿಂದೆ ಊರೇ ಕಲಿಸುತ್ತಿದ್ದ ಪಾಠವನ್ನು ಉಳಿಸಿಕೊಂಡಿರುವ ಸ್ಥಳಗಳು. ಮಕ್ಕಳಿಗೆ ಐದು ಕುಲಗಳನ್ನು ತೋರಿಸುವುದಕ್ಕೆ ದೊಡ್ಡ ಗ್ರಂಥಭಂಡಾರವು ಬೇಕಿಲ್ಲ. ಒಂದು ಸೂಜಿ, ಒಂದು ಭೂತಗನ್ನಡಿ, ಪೂಜೆಗೆ ತಂದ ದಾಸವಾಳ, ಅಡಿಗೆಮನೆಯ ಅವರೆಯ ಹೂವು, ಅಂಗಳದ ತುಳಸಿಯ ಕದಿರು, ಬದನೆಯ ಹೂವು, ಒಂದು ಸೇವಂತಿಗೆ ಇಷ್ಟಿದ್ದರೆ ಸಾಕು. ಹಸುವಿನ ಲಕ್ಷಣವನ್ನು ಗಂಗೆದೊಗಲಿನಿಂದ ಸಾಧಿಸಿದ ಜನಕ್ಕೆ ದಾಸವಾಳದ ಲಕ್ಷಣವನ್ನು ಅದರ ಕೇಸರದ ಕೊಳವೆಯಿಂದ ಸಾಧಿಸುವುದು ಕಷ್ಟವಾಗಲಾರದು. ಹೂವನ್ನು ದೇವರಿಗೆ ಏರಿಸುವುದಕ್ಕೆ ಮುಂಚೆ ಒಂದು ಹೂವನ್ನಾದರೂ ಮಕ್ಕಳ ಕೈಯಲ್ಲಿಟ್ಟು, ಇದರ ನೆಂಟರು ಯಾರೆಂದು ಕೇಳುವ ರೂಢಿಯು ಮನೆಗಳಲ್ಲಿ ಬಂದರೆ, ನಿಘಂಟಿನ ಹೆಸರುಗಳೂ ಹೊಲದ ಗಿಡಗಳೂ ಮತ್ತೆ ಒಂದನ್ನೊಂದು ಗುರುತುಹಿಡಿಯುವುವು.